ನೀರು ತುಂಬುವ ಹೊತ್ತಿಗೆ ಮನೆ ಸೇರಬೇಕು

ಜಂಬೂಸವಾರಿ ಮುಗಿದ ಮೇಲೆ ಮೈಸೂರಿಗೆ ಒಂದು ಬಿಡುವು ಸಿಗುತ್ತದೆ. ನೋಡಲು ಬಂದವರೆಲ್ಲ ಹೊರಟುಹೋಗಿರುತ್ತಾರೆ. ಸಯ್ಯಾಜಿರಾವ್ ರಸ್ತೆ ಮತ್ತೆ ಬರೀ ರಸ್ತೆಯಾಗಿರುತ್ತದೆ. ಪಟ್ಟದ ಗೊಂಬೆಗಳು ಹಳೇ ಪಂಚೆಯ ತುಂಡುಗಳೊಳಗೆ ಮಲಗಿ ಟ್ರಂಕು ಸೇರಿರುತ್ತವೆ. ಕಳೆದ ವರ್ಷ, ಅಂದರೆ 2025ರಲ್ಲಿ, ಅಕ್ಟೋಬರ್ 2ಕ್ಕೆ ವಿಜಯದಶಮಿ, 20ಕ್ಕೆ ನರಕ ಚತುರ್ದಶಿ. ನಡುವೆ ಸಿಗುವ ಆ ಎರಡೂವರೆ ವಾರದಲ್ಲಿ ಊರು ಮತ್ತೆ ಊರಿನವರ ಕೈಗೆ ಬರುತ್ತದೆ.

ದಸರೆ ನೋಡಲು ಲೋಕವೇ ಬರುತ್ತದೆ. ದೀಪಾವಳಿ ನೋಡಲು ಯಾರೂ ಮೈಸೂರಿಗೆ ಬರುವುದಿಲ್ಲ, ಬಂದರೂ ಬೀದಿಯಲ್ಲಿ ಕಾಣುವುದು ಸ್ವಲ್ಪವೇ. ನಮ್ಮ ಕಡೆಯ ದೀಪಾವಳಿ ನಡೆಯುವುದು ಬಚ್ಚಲುಮನೆಯಲ್ಲಿ, ಅಡುಗೆಮನೆಯಲ್ಲಿ, ಹೊಸ್ತಿಲ ಮೇಲೆ. ಅದರ ಮುಖ್ಯ ಭಾಗ ಸೂರ್ಯ ಹುಟ್ಟುವ ಮೊದಲೇ ಮುಗಿದುಹೋಗಿರುತ್ತದೆ. ಹಾಗಾಗಿಯೇ ಈ ಹಬ್ಬವನ್ನು ದೂರದಿಂದ ನೋಡಲು ಬರುವುದಿಲ್ಲ. ಮನೆಯೊಳಗೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಊರು ಬಿಟ್ಟುಹೋದ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವ ಹಬ್ಬವೂ ಇದೇ. ಅಮೆರಿಕದಲ್ಲಿರುವವರು ಬರುವುದು ಡಿಸೆಂಬರಿನಲ್ಲಿ, ಇಲ್ಲವೇ ಜೂನ್-ಜುಲೈಯಲ್ಲಿ. ಗಲ್ಫಿನವರು ಅಲ್ಲಿನ ಬೇಸಿಗೆ ರಜೆಯಲ್ಲಿ. ಅಕ್ಟೋಬರ್-ನವೆಂಬರ್ ಅಂದರೆ ಎಲ್ಲ ಕಡೆಯೂ ಶಾಲೆ ಜೋರಾಗಿ ನಡೆಯುವ ಕಾಲ. ಡಿಸೆಂಬರಿನಲ್ಲಿ ಬಂದವರಿಗೆ ಧನುರ್ಮಾಸದ ಹುಗ್ಗಿ ಸಿಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವಷ್ಟರಲ್ಲಿ ಅವರ ಪೆಟ್ಟಿಗೆಗಳು ಮತ್ತೆ ತೂಕದ ಯಂತ್ರದ ಮೇಲಿರುತ್ತವೆ. ವೀಸಾದ ಚಿಂತೆ ಬೇರೆ. ಒಮ್ಮೆ ಹೊರಗೆ ಬಂದರೆ ಮತ್ತೆ ಸ್ಟಾಂಪಿಂಗ್ ಆಗಬೇಕು, ಅದು ಯಾವಾಗ ಆಗುತ್ತದೋ ಗೊತ್ತಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು ಎಂದು ಸಂತೋಷಪಟ್ಟವರಿಗೂ ವೀಸಾಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಹೋಗುವುದು ತಪ್ಪಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದಸರೆಗೆ ಮೂರು ದಿನ ಮೊದಲು, ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಬಂತು. ಅದು ಯಾರಿಗೆ ಅನ್ವಯ, ಯಾರಿಗಿಲ್ಲ ಎಂಬುದು ತಿಳಿಯಾಗುವ ಹೊತ್ತಿಗೆ ನಮ್ಮ ಬೀದಿಯ ಒಂದೆರಡು ಮನೆಗಳಲ್ಲಿ ಹಬ್ಬದ ಟಿಕೆಟ್ಟುಗಳು ರದ್ದಾಗಿದ್ದವು.

ಮೈಸೂರಿಗೆ ಇದು ಹೊಸದಲ್ಲ. 1929ರಲ್ಲಿ ಇಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋದರು, ಕನ್ನಡ ತಮಿಳು ಎರಡನ್ನೂ ಅಲ್ಲಿಗೆ ಒಯ್ದರು, 1993ರಲ್ಲಿ ಷಿಕಾಗೊದಲ್ಲೇ ತೀರಿಕೊಂಡರು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ವೈದ್ಯಕೀಯ ಕಾಲೇಜಿನವರು, ಎಂಜಿನಿಯರಿಂಗ್ ಕಾಲೇಜಿನವರು ಸಾಲುಸಾಲಾಗಿ ಹೊರಟರು. ಆಗ ಏರೋಗ್ರಾಮಿನ ನೀಲಿ ಕಾಗದದಲ್ಲಿ ಬರೆದ ದೀಪಾವಳಿ ಆಶೀರ್ವಾದ ಹಬ್ಬ ಮುಗಿದ ಮೇಲೆ ತಲುಪುತ್ತಿತ್ತು. ಕೃಷ್ಣಮೂರ್ತಿಪುರಂ, ಚಾಮರಾಜಪುರಂ, ಲಕ್ಷ್ಮೀಪುರಂ, ಸರಸ್ವತಿಪುರಂ ಬೀದಿಗಳಲ್ಲಿ ಇವತ್ತು ನಡೆದುಹೋದರೆ ಒಬ್ಬರೋ ಇಬ್ಬರೋ ಹಿರಿಯರಿರುವ ಮನೆಗಳು ಒಂದರ ಪಕ್ಕ ಒಂದು ಸಿಗುತ್ತವೆ. ಪಿಂಚಣಿದಾರರ ಸ್ವರ್ಗ ಎಂದು ಈ ಊರನ್ನು ಹೊಗಳುವವರು ಹಬ್ಬದ ದಿನ ಆ ಮನೆಗಳ ಒಳಗೆ ಹೋಗಿ ನೋಡಬೇಕು. ಕಾಂಡಿಮೆಂಟ್ಸ್ ಅಂಗಡಿಯಿಂದ ತಂದ ಕಾಲು ಕೆ.ಜಿ. ಕಜ್ಜಾಯ, ತುಳಸಿಕಟ್ಟೆಯ ಮುಂದೆ ಎರಡು ಹಣತೆ, ಗೋಡೆಗೆ ಒರಗಿಸಿಟ್ಟ ಫೋನು.

ನನ್ನ ಅಮ್ಮನ ಮನೆಯೂ ಅಂಥದ್ದೇ. ನಾನು ಇದೇ ಊರಿನಲ್ಲಿ ನಾಲ್ಕು ಬೀದಿ ಆಚೆ ಇದ್ದೇನೆ, ದಿನ ಬಿಟ್ಟು ದಿನ ಹೋಗಿಬರುತ್ತೇನೆ. ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆ ಊರನ್ನೆಲ್ಲ ನಡುಗಿಸುತ್ತಿದ್ದಾಗ. ಅಂತರರಾಷ್ಟ್ರೀಯ ವಿಮಾನಗಳ ಮಾಮೂಲು ಓಡಾಟ 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಶುರುವಾದದ್ದು 2022ರ ಮಾರ್ಚಿನಲ್ಲಿ. ನಡುವೆ ಏರ್ ಬಬಲ್ ಎಂಬ ವ್ಯವಸ್ಥೆಯಲ್ಲಿ ಕೆಲವು ವಿಮಾನಗಳಿದ್ದವು, ನಿಜ. ಆದರೆ ಅಪ್ಪ ಹೋದ ಅದೇ ತಿಂಗಳ 4ನೇ ತಾರೀಕಿನಿಂದ ಅಮೆರಿಕ ಭಾರತದಿಂದ ಬರುವವರಿಗೆ ಬಾಗಿಲು ಹಾಕಿತ್ತು. ಬಂದರೆ ವಾಪಸು ಹೋಗುವ ಖಾತ್ರಿಯಿರಲಿಲ್ಲ. ಅಲ್ಲಿ ಹೆಂಡತಿ, ಎರಡು ಚಿಕ್ಕ ಮಕ್ಕಳು. ಅವನು ಫೋನಿನಲ್ಲಿ ನೋಡಿದ. ಆಮೇಲೆ ಒಂದೆರಡು ಸಲ ರಜೆಯಲ್ಲಿ ಬಂದುಹೋದನಾದರೂ ಹಬ್ಬಕ್ಕೆ ಬರಲಾಗಲಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಅವನು ದೀಪಾವಳಿ ಮಾಡಿದ್ದು ಕಳೆದ ವರ್ಷವೇ ಮೊದಲು. ಮಕ್ಕಳ ಶಾಲೆಗೆ ಕಾಗದ ಬರೆದು, ಕೆಲಸದಿಂದ ರಜೆ ಕೂಡಿಸಿಕೊಂಡು, ಅವನು ಬೆಂಗಳೂರು ವಿಮಾನನಿಲ್ದಾಣದಲ್ಲಿ ಇಳಿದು ನೇರವಾಗಿ ಮೈಸೂರಿನ ಫ್ಲೈಬಸ್ ಹತ್ತಿದ. ಹಬ್ಬದ ಮುನ್ನಾದಿನ ಹೆದ್ದಾರಿ ಎಷ್ಟು ಅಗಲವಾಗಿದ್ದರೂ ಸಾಲದು. 2023ರಲ್ಲಿ ಉದ್ಘಾಟನೆಯಾದ ಹತ್ತು ಪಥದ ದಾರಿಯಲ್ಲೂ ಅಂದು ಬಸ್ಸು ಕುಂಟುತ್ತಲೇ ಬಂತು.

ಮನೆಯೊಳಗೆ ಕಾಲಿಟ್ಟವನಿಗೆ ಅಮ್ಮ ಹೇಳಿದ ಮೊದಲ ಮಾತು, "ಬಂದ್ಯೇನಪ್ಪಾ? ಕೈಕಾಲು ತೊಳ್ಕೊಂಡು ಬಾ, ಹಂಡೆಗೆ ನೀರು ತುಂಬಬೇಕು."

ಹೊಸಬರಿಗಾಗಿ ಒಂದು ಮಾತು. ಹಳೇ ಮೈಸೂರಿನ ಕಡೆ ದೀಪಾವಳಿ ಶುರುವಾಗುವುದು ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬದಿಂದ. ಬಚ್ಚಲನ್ನು ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಒಲೆಯ ಸುತ್ತ ರಂಗೋಲಿ ಹಾಕಿ, ಹಂಡೆಯ ಕೊರಳಿಗೆ ಚೆಂಡುಹೂವಿನ ಸರ ಕಟ್ಟಿ, ಅರಿಶಿನ ಕುಂಕುಮ ಇಟ್ಟು, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ವರ್ಷವಿಡೀ ಹಬೆ, ಮಸಿ, ಸೋಪಿನ ನೊರೆಗಳ ಜಾಗವಾಗಿದ್ದ ಬಚ್ಚಲು ಆ ಒಂದು ಸಂಜೆ ದೇವರಮನೆಯಾಗುತ್ತದೆ. ನಮ್ಮ ಹಬ್ಬಗಳಲ್ಲಿ ನನಗೆ ತುಂಬ ಇಷ್ಟವಾದ ಸಂಜೆ ಇದು.

ಅಮ್ಮನ ಮನೆಯ ತಾರಸಿಯ ಮೇಲೆ ಸೋಲಾರ್ ಇದೆ. ಆದರೂ ಬಚ್ಚಲ ಮೂಲೆಯ ಒಲೆಯನ್ನೂ ಅದರ ಮೇಲಿನ ತಾಮ್ರದ ಹಂಡೆಯನ್ನೂ ಕೀಳಿಸಲು ಅವಳು ಒಪ್ಪಿಲ್ಲ. ಅಪ್ಪ ಹೋದ ಮೇಲೆ ಅದಕ್ಕೆ ಬೆಂಕಿ ಬಿದ್ದಿರಲಿಲ್ಲ. ಹಂಡೆ ಒಳಗೆ ಹಸುರುಗಟ್ಟಿತ್ತು, ಹೊರಗೆ ಕಪ್ಪಾಗಿತ್ತು. ತಮ್ಮ ಪ್ಯಾಂಟು ಮಡಚಿ ಕೂತು ಉಜ್ಜಿದ. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಮೊದಲು ಏನೂ ಆಗುವುದಿಲ್ಲ, ಕೈ ಮಾತ್ರ ಉರಿಯುತ್ತದೆ. ಆಮೇಲೆ ಅಂಗೈಯಗಲ ಜಾಗದಲ್ಲಿ ಕೆಂಪು ತೆರೆದುಕೊಳ್ಳುತ್ತದೆ, ಅಲ್ಲಿಂದ ಹಬ್ಬುತ್ತಾ ಹೋಗುತ್ತದೆ. ಕಂಠದ ಹತ್ತಿರ ಅಜ್ಜಿಯ ಹೆಸರಿನ ಮೊದಲಕ್ಷರಗಳು ಚುಕ್ಕಿ ಚುಕ್ಕಿಯಾಗಿ ಕೊರೆದದ್ದು ಕಾಣಿಸಿಕೊಂಡಿತು. ಅವನ ಮಗಳು ಅದರ ಮೇಲೆ ಬೆರಳಾಡಿಸಿ, "ಇದು ಯಾರತ್ತೆ?" ಎಂದು ನನ್ನನ್ನು ಕೇಳಿದಳು. ಮುತ್ತಜ್ಜಿಯ ಕಥೆ ಹೇಳಿದೆ. ಮಸಿ ತೊಳೆಯುತ್ತಾ ಕೂತಿದ್ದ ನಮಗೆ ಬೇರೆ ಕೆಲಸವೇನಿತ್ತು.

ಈ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ದೂರದಿಂದ ಮಕ್ಕಳು ಬರುತ್ತಾರೆಂದರೆ ನಮ್ಮ ಹಿರಿಯರು ಒಂದು ಕೆಲಸ ಮಾಡುತ್ತಾರೆ. ಅವರು ಬರುವ ಮೊದಲೇ ಎಲ್ಲವನ್ನೂ ಮುಗಿಸಿಡುತ್ತಾರೆ. ಆಳು ಹಿಡಿದು ಮನೆ ತೊಳೆಸಿ, ತಿಂಡಿಗಳನ್ನು ಹೇಳಿಮಾಡಿಸಿ ಡಬ್ಬಿ ತುಂಬಿಸಿ, "ನೀವು ಆರಾಮಾಗಿ ಮಲಗಿ, ದಣಿದು ಬಂದಿದ್ದೀರಿ" ಎನ್ನುತ್ತಾರೆ. ಪ್ರೀತಿಯೇ, ಅನುಮಾನವಿಲ್ಲ. ಆದರೆ ಆ ಪ್ರೀತಿ ಮಕ್ಕಳನ್ನು ಸ್ವಂತ ಮನೆಯಲ್ಲಿ ಅತಿಥಿಗಳನ್ನಾಗಿ ಮಾಡಿಬಿಡುತ್ತದೆ. ಲಕ್ಷ್ಮೀಪೂಜೆಯ ಸಂಜೆಗೆ ಬಂದಿಳಿದು, ಹೊಸಬಟ್ಟೆಯಲ್ಲಿ ಫೋಟೊ ತೆಗೆಸಿಕೊಂಡು, ನಾಲ್ಕು ನೆಂಟರ ಮನೆಗೆ ಹೋಗಿ, ಮೂರನೇ ದಿನ ಹೊರಟವರಿಗೆ ಹಬ್ಬ ಸಿಕ್ಕಿತೆಂದು ನಾನು ನಂಬುವುದಿಲ್ಲ. ಹಬ್ಬ ಇರುವುದು ಅದರ ಕೆಲಸದಲ್ಲಿ. ಅಮ್ಮ ಅಂದು ಹಂಡೆಯನ್ನು ಉಜ್ಜಿಸದೆ ಹಾಗೇ ಬಿಟ್ಟಿದ್ದು ಮರೆತು ಅಲ್ಲ, ಬೇಕೆಂದೇ.

ಮಾರನೇ ದಿನ ಬೆಳಗಿನ ಜಾವ. ಒಲೆಗೆ ತೆಂಗಿನ ಗರಿ, ಕರಟ, ಮಟ್ಟೆ ತುಂಬಿ ನಾಲ್ಕೂವರೆಗೇ ಉರಿ ಹಾಕಿದ್ದೆವು. ಚತುರ್ದಶಿಯ ಸ್ನಾನ ಚಂದ್ರ ಕಾಣುವಾಗಲೇ ಆಗಬೇಕು ಅನ್ನುತ್ತಾರೆ. ಅಮಾವಾಸ್ಯೆಗೆ ಒಂದು ದಿನ ಮೊದಲಿನ ಚಂದ್ರ, ಉಗುರಿನ ಅಂಚಿನಷ್ಟು ತೆಳು, ಸೂರ್ಯನಿಗಿಂತ ಸ್ವಲ್ಪವೇ ಮುಂಚೆ ಪೂರ್ವದಲ್ಲಿ ಏಳುತ್ತಾನೆ. ಆ ದಿನ ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ಇರುತ್ತಾರೆಂಬುದು ನಂಬಿಕೆ. ನಡುಮನೆಯಲ್ಲಿ ಹಸೆ ಬರೆದು ಮಣೆಗಳನ್ನು ಸಾಲಾಗಿ ಹಾಕಿದೆ. ಮಕ್ಕಳು, ಅವನ ಹೆಂಡತಿ, ಅವನು, ನನ್ನ ಮಗ, ನನ್ನ ಗಂಡ. ಬೆಳ್ಳಿ ಬಟ್ಟಲಲ್ಲಿ ಬೆಚ್ಚಗೆ ಮಾಡಿದ ಎಳ್ಳೆಣ್ಣೆ, ಗರಿಕೆ, ತಟ್ಟೆಯಲ್ಲಿ ಆರತಿ.

ಎಣ್ಣೆ ಶಾಸ್ತ್ರ ಮಾಡುವುದು ಮನೆಯ ಹಿರಿಯ ಮುತ್ತೈದೆ. ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಪಾದಕ್ಕೆ, ಮಂಡಿಗೆ, ಭುಜಕ್ಕೆ ಮುಟ್ಟಿಸಿ, ನೆತ್ತಿಯ ಮೇಲೆ ಒಂದಿಷ್ಟು ಎಣ್ಣೆ ಹಾಕಿ ತಟ್ಟುತ್ತಾಳೆ. ತಟ್ಟುವಾಗ ಏಳು ಚಿರಂಜೀವಿಗಳ ಹೆಸರು ಹೇಳುತ್ತಾಳೆ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಅವರ ಆಯುಷ್ಯ ಈ ತಲೆಗೂ ಬರಲಿ ಎಂದು. ನಾವು ಹುಟ್ಟಿದಂದಿನಿಂದ ನಮ್ಮ ಮನೆಯಲ್ಲಿ ಅದನ್ನು ಮಾಡುತ್ತಿದ್ದವಳು ಅಮ್ಮ. 2021ರಿಂದ ನಿಲ್ಲಿಸಿಬಿಟ್ಟಿದ್ದಳು. ನಾವು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಆ ಪದ್ಧತಿ ಅವಳ ಮೈಗೇ ಇಳಿದಿತ್ತು. ಅಂದೂ ಅವಳು ಬಟ್ಟಲನ್ನು ನನ್ನ ಕಡೆ ಸರಿಸಿ, "ನೀನು ಮಾಡಮ್ಮ. ನಾನು ಬೇಡ" ಎಂದು ಬಾಗಿಲಿನ ಪಕ್ಕಕ್ಕೆ ಹೋಗಿ ನಿಂತಳು.

ಮಣೆಯ ಮೇಲೆ ಕೂತಿದ್ದ ತಮ್ಮ ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. "ಅಮ್ಮಾ, ನಿನ್ನ ಕೈಯಲ್ಲಿ ಎಣ್ಣೆ ಹಚ್ಚಿಸ್ಕೊಳ್ಳೋಕೇ ನಾನು ಬಂದಿರೋದು. ನೀನು ಹಚ್ಚದೇ ಇದ್ರೆ ನಾನು ಸ್ನಾನ ಮಾಡಲ್ಲ" ಅಂದ.

ಸ್ವಲ್ಪ ಹೊತ್ತು ಒಲೆಯಲ್ಲಿ ಕರಟ ಸಿಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಅಮ್ಮ ಬಂದಳು. ಗರಿಕೆ ಹಿಡಿದಳು. ಮೊದಲ ಹೆಸರಿಗೆ ಗಂಟಲು ಕಟ್ಟಿತು, ಬಲಿಯ ಹೆಸರು ಬರುವ ಹೊತ್ತಿಗೆ ಸರಿಯಾಯಿತು. ಅವನ ತಲೆಯ ನಡುವೆ ಕೂದಲು ತೆಳುವಾಗಿರುವುದನ್ನು ಅವಳು ಕಂಡದ್ದು ಆಗಲೇ ಇರಬೇಕು. ಅಲ್ಲಿ ಅಂಗೈಯಿಟ್ಟು ಸುಮ್ಮನೆ ನಿಂತಳು, ಆಮೇಲೆ ಬೆರಳುಗಳನ್ನು ಕೂದಲೊಳಗೆ ಇಳಿಸಿ, ಚಿಕ್ಕಂದಿನಲ್ಲಿ ತಿಕ್ಕುತ್ತಿದ್ದ ಹಾಗೆಯೇ ಜೋರಾಗಿ ತಿಕ್ಕಿದಳು. ಎಲ್ಲರಿಗೂ ಹಚ್ಚಿದ ಮೇಲೆ ಅವನು ಎದ್ದು ಅವಳನ್ನೇ ಮಣೆಯ ಮೇಲೆ ಕೂರಿಸಿದ. ಹಿರಿಯರ ತಲೆಗೆ ಯಾರು ಎಣ್ಣೆ ಹಚ್ಚಬೇಕೆಂದು ಶಾಸ್ತ್ರ ಏನು ಹೇಳುತ್ತದೋ ನಾನು ಕೇಳಲು ಹೋಗಲಿಲ್ಲ. ಅತ್ತೆ ಹೋದ ಮೇಲೆ ತನ್ನ ನೆತ್ತಿಗೆ ಬೇರೆಯವರ ಕೈ ಬಿದ್ದಿರಲಿಲ್ಲ ಎಂದು ಅಮ್ಮ ಅಂದಳು. ನಮ್ಮ ಅಜ್ಜಿ ತೀರಿಕೊಂಡು ದಶಕಗಳೇ ಆಗಿವೆ.

ಗಂಡ ಸತ್ತವಳ ಕೈ ಶುಭಕ್ಕೆ ಆಗದು ಎಂಬ ಪದ್ಧತಿಯನ್ನು ನಮ್ಮ ಎಷ್ಟೋ ಮನೆಗಳು ಇನ್ನೂ ಗಟ್ಟಿಯಾಗಿ ಮಾತಾಡದೆಯೇ ಪಾಲಿಸುತ್ತಿವೆ. ಹೆತ್ತು ಬೆಳೆಸಿದ ಕೈಯೇ ಮಕ್ಕಳ ಆಯುಷ್ಯ ಬೇಡಬಾರದು ಅಂದರೆ ಯಾರ ಕೈ ಬೇಡಬೇಕು? ಇದನ್ನು ತಪ್ಪು ಎಂದು ಹೇಳಲು ನನಗೆ ಯಾವ ಅಂಜಿಕೆಯೂ ಇಲ್ಲ. ಊರಿನಲ್ಲೇ ಇದ್ದ ನನ್ನಿಂದ ಆಗದ ಕೆಲಸವನ್ನು ದೂರದಿಂದ ಬಂದವನು ಮಣೆಯ ಮೇಲೆ ಕೂತೇ ಮಾಡಿದ. ಹೀಗೆ ಕೇಳುವ ಹಕ್ಕು ಎಲ್ಲ ಮನೆಯ ಮಕ್ಕಳಿಗೂ ಇದೆ. ಬಂದಾಗ ಕೇಳಬೇಕು.

ಆ ಹೊತ್ತಿನಲ್ಲಿ ಅವನ ಊರಿನಲ್ಲಿ ಹಿಂದಿನ ದಿನದ ಸಂಜೆ ನಾಲ್ಕೂವರೆ. ಅಷ್ಟು ವರ್ಷ ಅವನು ನಮ್ಮ ಚತುರ್ದಶಿಯನ್ನು ಆಫೀಸಿನಿಂದ ಮನೆಗೆ ಹೊರಡುವ ಹೊತ್ತಿನಲ್ಲಿ ಕಾರೊಳಗೆ ಕೂತು ಫೋನಿನಲ್ಲಿ ನೋಡಿದವನು. ಅಲ್ಲಿ ಹಬ್ಬವಿಲ್ಲವೆಂದಲ್ಲ. ಕನ್ನಡ ಕೂಟಗಳು ನವೆಂಬರಿನ ಯಾವುದೋ ಶನಿವಾರ ರಾಜ್ಯೋತ್ಸವವನ್ನೂ ದೀಪಾವಳಿಯನ್ನೂ ಒಟ್ಟಿಗೆ ಮಾಡುತ್ತವೆ. ಮಕ್ಕಳ ನಾಟಕ, ಸೋಬಾನೆ ಪದ, ಬಿಸಿಬೇಳೆಬಾತು, ಎಲ್ಲವೂ ಇರುತ್ತದೆ. ಅಷ್ಟು ದೂರದಲ್ಲಿ ಅಷ್ಟನ್ನು ಉಳಿಸಿಕೊಂಡವರ ಶ್ರಮ ದೊಡ್ಡದು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2024ರ ನವೆಂಬರ್ 1ರಂದು ಮೊದಲ ಬಾರಿಗೆ ದೀಪಾವಳಿ ರಜೆ ಕೊಟ್ಟವು. ಸಿಂಗಪುರ, ಮಲೇಷ್ಯಾಗಳಲ್ಲಿ ಸಾರ್ವಜನಿಕ ರಜೆ ಬಹಳ ಹಿಂದಿನಿಂದಲೇ ಇದೆ. ಕಳೆದ ಡಿಸೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಸೇರಿದ ಯುನೆಸ್ಕೊ ಸಮಿತಿ ದೀಪಾವಳಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ದೀಪ, ಬಟ್ಟೆ, ಸಿಹಿ, ಹಾಡು, ಇವೆಲ್ಲ ಎಲ್ಲಿಗೆ ಬೇಕಾದರೂ ಹೋಗುತ್ತವೆ. ಹೊಗೆ ಕಂಡರೆ ಕೂಗುವ ಅಲಾರಂ ಇರುವ ಬಾಡಿಗೆ ಮನೆಯಲ್ಲಿ ಎಣ್ಣೆದೀಪದ ಬದಲು ಬ್ಯಾಟರಿ ಹಣತೆ ಇಟ್ಟರೂ ಮನಸ್ಸು ಒಪ್ಪುತ್ತದೆ. ಆದರೆ ಎಣ್ಣೆ ಶಾಸ್ತ್ರವನ್ನು ತಾನೇ ತನಗೆ ಮಾಡಿಕೊಳ್ಳಲು ಬರುವುದಿಲ್ಲ. ಫೋನಿನಲ್ಲಿ ಕಳಿಸಲು ಬರುವುದಿಲ್ಲ. ನೆತ್ತಿಯ ಮೇಲೆ ಇನ್ನೊಬ್ಬರ ಅಂಗೈ ಇರಲೇಬೇಕು. ಈ ಹಬ್ಬಕ್ಕೆ ಮನೆಗೆ ಬರಬೇಕು ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಸೀಗೆಪುಡಿ ಕಣ್ಣಿಗೆ ಬಿದ್ದು ಮಕ್ಕಳು ಅತ್ತದ್ದು, ಹಂಡೆಯ ನೀರಿನ ಹೊಗೆಯ ವಾಸನೆಯನ್ನು ಮೊದಲು ಬೇಡವೆಂದವರೇ ಆಮೇಲೆ ಇನ್ನೆರಡು ಚೊಂಬು ಎಂದು ಕೇಳಿದ್ದು, ಇವನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಎಲ್ಲ ಮನೆಯಲ್ಲೂ ಆಗುವಂಥದ್ದೇ.

ಕಜ್ಜಾಯದ ವಿಷಯವನ್ನು ಮಾತ್ರ ಹೇಳಲೇಬೇಕು. ಬೆಂಗಳೂರು, ಕೋಲಾರದ ಕಡೆ ಕೇದಾರೇಶ್ವರನ ನೋಮಿಗೆ ಕಜ್ಜಾಯ ಇಲ್ಲದೆ ಆಗದು. ನಮ್ಮಲ್ಲಿ ನೋಮು ಇಲ್ಲದ ಮನೆಯಲ್ಲೂ ದೀಪಾವಳಿಗೆ ಕಜ್ಜಾಯ ಆಗಲೇಬೇಕು. ಅದು ಅವಸರದ ತಿಂಡಿಯಲ್ಲ. ಅಕ್ಕಿ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಬೇಕು. ಪೂರ್ತಿ ಒಣಗಬಾರದು, ಮುಷ್ಟಿಯಲ್ಲಿ ಹಿಡಿದರೆ ಅಂಗೈಗೆ ಸ್ವಲ್ಪ ತಂಪು ತಗುಲಬೇಕು. ಆ ಹದದಲ್ಲೇ ಗಿರಣಿಗೆ ಒಯ್ಯಬೇಕು. ಆಮೇಲೆ ಬೆಲ್ಲದ ಪಾಕ. ಒಂದು ತೊಟ್ಟು ನೀರಿಗೆ ಬಿಟ್ಟರೆ ಕರಗದೆ ಬೆರಳಿನಲ್ಲಿ ಮೆತ್ತನೆಯ ಉಂಡೆಯಾಗಬೇಕು. ಒಂದು ನಿಮಿಷ ಮೊದಲಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದುಹೋಗುತ್ತದೆ, ಒಂದು ನಿಮಿಷ ತಡವಾದರೆ ಕಲ್ಲಾಗುತ್ತದೆ. ಹಿಟ್ಟು, ಏಲಕ್ಕಿ, ಗಸಗಸೆ ಸೇರಿಸಿ ಮುಚ್ಚಿಟ್ಟು ಒಂದೆರಡು ದಿನ ಬಿಡಬೇಕು. ಬಾಳೆಲೆಯ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದು, ಮೇಲೆ ಬಂದದ್ದನ್ನು ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಹಿಂಡಬೇಕು. ತಟ್ಟುವವರು ಒಬ್ಬರು, ಕರಿಯುವವರು ಒಬ್ಬರು, ಒತ್ತುವವರು ಒಬ್ಬರು. ಒಬ್ಬರೇ ಇರುವ ಮನೆಯಲ್ಲಿ ಕಜ್ಜಾಯ ನಿಂತುಹೋಗುವುದು ವಯಸ್ಸಿನಿಂದಲ್ಲ, ಜನ ಸಾಲದೆ.

ಹಿಟ್ಟನ್ನು ಅಮ್ಮ, ನಾನು ಮೊದಲೇ ಕಲಸಿಟ್ಟಿದ್ದೆವು. ಒತ್ತುವ ಕೆಲಸ ತಮ್ಮನದು, ತಟ್ಟುವುದು ಅವನ ಹೆಂಡತಿಯದು. ಅವಳು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಅವಳ ಊರಿನಲ್ಲಿ ಈ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುತ್ತಾರೆ. 'ಬಾಗಿಲು ತೆಗೆದು ಎಣ್ಣೆ ಹಾಕಿ ಕಳಿಸಬೇಕು, ಆ ದೀಪ ಆರಬಾರದು' ಎಂದು ತಟ್ಟುತ್ತಲೇ ಹೇಳಿದಳು. ಸಿಂಗಪುರದಲ್ಲಿರುವ ಅವಳ ಅಕ್ಕ ಗಸಗಸೆ ಇಲ್ಲದ ಕಜ್ಜಾಯಕ್ಕೇ ಒಗ್ಗಿಕೊಂಡಿದ್ದಾಳಂತೆ. ಅಲ್ಲಿಯೂ ದುಬೈಯಲ್ಲಿಯೂ ಗಸಗಸೆ ನಿಷಿದ್ಧ, ಮಾದಕವಸ್ತುವಿನ ಕಾನೂನಿಗೆ ಒಳಪಡುತ್ತದೆ. ಈ ಹಬ್ಬದಲ್ಲಿ ಬುತ್ತಿ ಕಟ್ಟಿ ಕಳಿಸುವ ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಬೇಕು. ಆ ಊರುಗಳಿಗೆ ಹೋಗುವ ಡಬ್ಬಿಗೆ ಗಸಗಸೆಯ ಬದಲು ಎಳ್ಳು ಹಾಕಿ.

ಸಂಜೆ ಎಲ್ಲರೂ ದೇವರಾಜ ಮಾರುಕಟ್ಟೆಗೆ ಹೋದೆವು. 2016ರಲ್ಲಿ ಅದರ ಒಂದು ಭಾಗ ಕುಸಿದಾಗಿನಿಂದ ಕೆಡವಬೇಕೋ ಉಳಿಸಬೇಕೋ ಎಂಬ ವಾದ ನಡೆಯುತ್ತಲೇ ಇದೆ. ಹೂವಿನವರು ಮಾತ್ರ ಅಲ್ಲೇ ಕೂತಿದ್ದಾರೆ. ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಚೆಂಡುಹೂ, ಸೇವಂತಿಗೆ, ಮಲ್ಲಿಗೆಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ತಮ್ಮ ಮೊಳಕ್ಕೆಷ್ಟು ಎಂದು ಕೇಳಿದಾಗ ಹೂವಮ್ಮ ಅವನ ಮುಖ ನೋಡಿ, "ಹಬ್ಬಕ್ಕೆ ಬಂದ್ರಾ ಸ್ವಾಮಿ? ಅಮ್ಮನ್ನ ಕೇಳಿ, ಅವರಿಗೆ ಗೊತ್ತು ರೇಟು" ಅಂದಳು. ಅಶೋಕ ರಸ್ತೆಯಲ್ಲಿ ಮಾರ್ವಾಡಿ ಅಂಗಡಿಗಳು ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ, ಹೊಸ ಲೆಕ್ಕದ ಪುಸ್ತಕಕ್ಕೆ ಸಿದ್ಧವಾಗುತ್ತಿದ್ದವು. ಅದೇ ಅಮಾವಾಸ್ಯೆ ಜೈನರಿಗೆ ಮಹಾವೀರ ನಿರ್ವಾಣದ ದಿನ. ರೇಷ್ಮೆ ಸೀರೆ ಕೊಳ್ಳೋಣವೆಂದರೆ ಸರ್ಕಾರಿ ಮೈಸೂರು ಸಿಲ್ಕ್‌ಗೆ ಈಗ ಬೆಳಿಗ್ಗೆಯೇ ಸಾಲು ನಿಲ್ಲಬೇಕು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ನೇಯ್ದಷ್ಟೂ ಸಾಲುತ್ತಿಲ್ಲ. ಅಮ್ಮ ಸೀರೆ ಬೇಡವೆಂದಳು. ಪಟಾಕಿಗೆ ಮಕ್ಕಳು ಹೆದರಿದರು, ಸುರುಸುರುಬತ್ತಿ, ಭೂಚಕ್ರದಲ್ಲೇ ತೃಪ್ತರಾದರು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹಸಿರು ಪಟಾಕಿ ಮಾತ್ರ, ಅದೂ ರಾತ್ರಿ ಎಂಟರಿಂದ ಹತ್ತರವರೆಗೆ ಎಂದು ಹೇಳಿದೆ. ಬೀದಿ ಅಷ್ಟನ್ನು ಪೂರ್ತಿ ಪಾಲಿಸಿತೆಂದು ಹೇಳಲಾರೆ. ಅಮ್ಮನಂಥವರ ಎದೆ ನಡುಗಿಸುವ ಸದ್ದು ಈ ಹಬ್ಬಕ್ಕೆ ಬೇಕಾಗಿಯೇ ಇಲ್ಲ.

ಬಲಿಪಾಡ್ಯಮಿಯ ದಿನ ಸಗಣಿ ಹುಡುಕಬೇಕಾಯಿತು. ಹೊಸ್ತಿಲ ಬಳಿ ಬಲೀಂದ್ರನ ಕೋಟೆ ಕಟ್ಟಬೇಕಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹುಚ್ಚೆಳ್ಳು ಹೂ ಸಿಕ್ಕಿಸಿದ ಸಗಣಿ ಬಾಗಿಲು ಬಾಗಿಲಿಗೂ ಇರುತ್ತದೆ. ನಗರದಲ್ಲಿ ಹಸುವಿರುವ ಮನೆಯನ್ನು ಕೇಳಿ ಹೋಗಬೇಕು. ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್‌ಗೆ ಗೋಪೂಜೆಗೆ ಹೋದೆವು, ಬರುವಾಗ ಬಾಳೆಲೆಯಲ್ಲಿ ಒಂದಿಷ್ಟು ಸಗಣಿ ತಂದೆವು. ಮೊದಲು ಮೂಗು ಮುಚ್ಚಿಕೊಂಡಿದ್ದ ತಮ್ಮನ ಮಗ ಆಮೇಲೆ ಕೋಟೆಗೆ ನಾಲ್ಕು ಬುರುಜು ಮಾಡಿದ. ಅವನಿಗೆ ಗುಮಟಾಪುರದ ಕಥೆ ಹೇಳಿದೆ. ಚಾಮರಾಜನಗರ ದಾಟಿದರೆ ಸಿಗುವ ತಾಳವಾಡಿ ತಾಲ್ಲೂಕಿನ ಆ ಊರು ಸೇರಿರುವುದು ತಮಿಳುನಾಡಿನ ಈರೋಡ್ ಜಿಲ್ಲೆಗೆ, ಆಡುವ ಮಾತು ಕನ್ನಡ. ಬಲಿಪಾಡ್ಯಮಿಯ ಮಾರನೇ ದಿನ ಊರಿಗೆ ಊರೇ ಗುಡ್ಡೆಗಟ್ಟಲೆ ಸಗಣಿ ಕೂಡಿಸಿಕೊಂಡು ಒಬ್ಬರ ಮೇಲೊಬ್ಬರು ಎರಚಿ ಗೋರೆಹಬ್ಬ ಆಡುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಪಂಚಾಂಗ ಏನೇ ಹೇಳಲಿ, ದೀಪಾವಳಿ ಆಗುವುದು ಬುಧವಾರವೇ. ಕಳೆದ ವರ್ಷ ಪಾಡ್ಯಮಿಯೂ ಬುಧವಾರ ಬಂದು ಅವರೂ ನಾವೂ ಒಂದೇ ದಿನ ಹಬ್ಬ ಮಾಡಿದೆವು.

ಕೋಟೆಯ ಮುಂದೆ ಕೂತಾಗ ಹುಡುಗ ಕೇಳಿದ, "ಬಲಿ ಎಲ್ಲಿಂದ ಬರ್ತಾನೆ ಅಜ್ಜಿ?" ಪಾತಾಳದಿಂದ ಬರುತ್ತಾನೆ, ತನ್ನ ಜನರನ್ನು ನೋಡಿಕೊಂಡು ಮತ್ತೆ ಹೋಗುತ್ತಾನೆ ಎಂದು ಅಮ್ಮ ಹೇಳಿದಳು. ಕೇರಳದವರು ಅವನನ್ನು ಓಣಂಗೆ ಕರೆಯುತ್ತಾರೆ, ನಾವು ಕಾರ್ತಿಕದ ಮೊದಲ ದಿನ. ಯೋಚಿಸಿದರೆ ಈ ಹಬ್ಬದ ಕಥೆಗಳಲ್ಲಿ ಬರುವವರೆಲ್ಲ ಪ್ರಯಾಣದಲ್ಲಿರುವವರೇ. ನರಕಾಸುರನನ್ನು ಕೊಂದ ಕೃಷ್ಣ ದೂರದ ಪ್ರಾಗ್ಜ್ಯೋತಿಷದಿಂದ ಬೆಳಗಿನ ಜಾವ ಮನೆ ಸೇರಿ ಎಣ್ಣೆನೀರು ಹಾಕಿಸಿಕೊಂಡ. ಉತ್ತರದವರ ರಾಮ ಹದಿನಾಲ್ಕು ವರ್ಷ ಕಳೆದು ಅಯೋಧ್ಯೆಗೆ ಬಂದ. ಮಹಾಲಯದಲ್ಲಿ ಬಂದ ಪಿತೃಗಳಿಗೆ ಹೋಗುವ ದಾರಿ ಕಾಣಲೆಂದು ಅಮಾವಾಸ್ಯೆಯ ಇರುಳು ಪಂಜು ಹಿಡಿಯುತ್ತಾರೆ. ಅವರನ್ನು ಬೀಳ್ಕೊಟ್ಟ ಮಾರನೇ ದಿನವೇ ಬಲಿಯನ್ನು ಬರಮಾಡಿಕೊಳ್ಳುತ್ತಾರೆ. ಬರುವುದನ್ನೂ ಹೋಗುವುದನ್ನೂ ಈ ಹಬ್ಬ ಒಂದೇ ಮನಸ್ಸಿನಿಂದ ಕಾಣುತ್ತದೆ, ಹೋಗುವವರ ಮೇಲೆ ಮುನಿಸು ತೋರಿಸುವುದಿಲ್ಲ. ಅಮ್ಮ ತಮ್ಮನನ್ನು ಕಳಿಸಿದ್ದೂ ಹಾಗೆಯೇ. "ಇನ್ನೆರಡು ದಿನ ಇರು" ಎಂದು ಕೇಳಲಿಲ್ಲ. ಮುಂದಿನ ವರ್ಷ ಹಬ್ಬ ಯಾವಾಗ ಎಂದು ಪಂಚಾಂಗ ಬಂದೊಡನೆ ತಿಳಿಸುತ್ತೇನೆ ಎಂದಷ್ಟೇ ಹೇಳಿದಳು.

ತಿಳಿಸಿಯೂ ಆಯಿತು. ಈ ಸಲ ಅಧಿಕ ಜ್ಯೇಷ್ಠ ಬಂದದ್ದರಿಂದ ಹಬ್ಬ ನವೆಂಬರಿಗೆ ಸರಿದಿದೆ. ನರಕ ಚತುರ್ದಶಿ 8ನೇ ತಾರೀಕು ಭಾನುವಾರ, ಬಲಿಪಾಡ್ಯಮಿ 10ನೇ ತಾರೀಕು ಮಂಗಳವಾರ. ಹೊರಗಿರುವವರು ಟಿಕೆಟ್ ತೆಗೆಯುವಾಗ ಭಾನುವಾರವನ್ನು ಲೆಕ್ಕಕ್ಕೆ ಹಿಡಿಯದೆ 7ನೇ ತಾರೀಕು ಶನಿವಾರ ಸಂಜೆಯನ್ನು ಹಿಡಿಯಿರಿ, ನೀರು ತುಂಬುವುದು ಅಂದೇ. ಸಾಧ್ಯವಾದರೆ ಒಂದೆರಡು ದಿನ ಮೊದಲೇ ಬನ್ನಿ. ತಮ್ಮ ಬುಧವಾರವೇ ಬರುತ್ತಾನಂತೆ. ಗುರುವಾರ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವುದು, ಶುಕ್ರವಾರ ಗಿರಣಿಗೆ ಹೋಗಿ ಬಂದು ಪಾಕ ಹಿಡಿಯುವುದು, ಎರಡೂ ತನ್ನದೇ ಕೆಲಸ ಎಂದು ಹೇಳಿಕೊಂಡಿದ್ದಾನೆ. ಅಮ್ಮ ಒಪ್ಪಿದ್ದಾಳೆ, ಪಾಕದ ಹದ ಮಾತ್ರ ತಾನೇ ನೋಡುತ್ತೇನೆ ಅಂದಿದ್ದಾಳೆ.